ಮಳವಳ್ಳಿ ಕಡೆಯ ಮಿಷನ್ ಸಂಜೆಶಾಲೆ: ಉಸಲಿಗೆ ಪೂರ್ತಿ ಅಂಕ, ಓದಿಗೆ ಅರ್ಧ

ಚರ್ಚಿನ ಹಿಂದಿನ ಶೀಟ್ ಮನೆ, ಸಂಜೆ ಐದೂವರೆಯಿಂದ ಏಳೂವರೆ. ಫೀಸಿಲ್ಲ. ಮೊದಲು ಕೈ ತೊಳೆದು ಉಸಲಿ, ಆಮೇಲೆ ಪಾಠ. ಈ ಕ್ರಮವೇ ಇಲ್ಲಿನ ದೊಡ್ಡ ಗುಣ. 30 ಮಕ್ಕಳಿಗೆ ಒಂದು ಕೆಜಿ ಹೆಸರುಕಾಳು, ಬೆಳಿಗ್ಗೆಯೇ ನೆನೆಹಾಕಿ, ಒಡೆಯದಂತೆ ಬೇಯಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ. ಬೇಸಿಗೆಯಲ್ಲಿ ಮಧ್ಯಾಹ್ನ ನೀರು ಬದಲಿಸದಿದ್ದರೆ ಮಾತ್ರ ಕಾಳು ಹುಳಿವಾಸನೆ ಹೊಡೆಯುತ್ತದೆ.

ಓದಿನ ಮಾತು ಬೇರೆ. ಒಂದರಿಂದ ಏಳನೇ ಕ್ಲಾಸಿನವರೆಗೂ ಒಬ್ಬರೇ ಟೀಚರ್. ‘ಬಸವ’ ಸಲೀಸಾಗಿ ಓದುವ ಮಗು ‘ಕಬ್ಬು’ ಎದುರಾದ ಕೂಡಲೇ ‘ಕಬು’ ಅನ್ನುತ್ತದೆ (ಮಂಡ್ಯದ ಮಗು, ಅದೂ ಕಬ್ಬನ್ನು!). ಒತ್ತಕ್ಷರ ತಿದ್ದಿಸದೆ ಪಾಠಕ್ಕೆ ಹಾರಿದ ಫಲ ಇದು. ಕ್ಲಾಸು ನೋಡದೆ, ಕಲಿತ ಮಟ್ಟ ನೋಡಿ ಮೂರು ಗುಂಪು ಮಾಡಿದರೆ ಅರ್ಧ ತೊಂದರೆ ತೀರುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯ (ಸರ್ಕಾರಿ ಶಾಲೆಗಳ ಚಟುವಟಿಕೆ ಮೂಲಕ ಕಲಿಸುವ ಪದ್ಧತಿ) ಜಾಡೂ ಇದೇ. ಕಬ್ಬಿನ ಕಟಾವಿಗೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಂಡ ಮಕ್ಕಳಿಗೂ ಆಗ ಕೂರಲು ಜಾಗ ಸಿಗುತ್ತದೆ.

ಕೊನೆಯ ಹತ್ತು ನಿಮಿಷ ಹಾಡು, ಪ್ರಾರ್ಥನೆ. ಬೇಡವೆಂದವರು ಮೊದಲೇ ಹೊರಡಬಹುದು. ಆದರೆ ಸೇರಿಸುವಾಗಲೇ ಇದನ್ನು ಹೆತ್ತವರಿಗೆ ತಿಳಿಸಿ ಸಹಿ ಪಡೆಯುತ್ತಿಲ್ಲ. ಊರಲ್ಲಿ ಗುಸುಗುಸು ಏಳುವುದು ಇಲ್ಲಿಂದಲೇ. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ದಪ್ಪಕ್ಷರದಲ್ಲಿದೆ, ಒಳ್ಳೆಯದು. ಕರೆಂಟ್ ಹೋದಾಗ ಒಂದೇ ಚಾರ್ಜರ್ ಲೈಟು, ಹಿಂದಿನ ಸಾಲಿಗೆ ಬೋರ್ಡೇ ಕಾಣದು.