ಒಂಬತ್ತನೇ ಟೈರಿಗೆ ನಿಂತುಹೋದ ಪಂಪು: ಮೂರು ವರ್ಷ, ಐದು ಮರುಭೂಮಿ ಪ್ರವಾಸದ ನಂತರ

ಮೂರು ವರ್ಷದಿಂದ ಈ ಗಾಳಿ ಪಂಪು ನನ್ನ ಫೋರ್ ಬೈ ಫೋರ್ ಗಾಡಿಯ ಡಿಕ್ಕಿಯಲ್ಲಿದೆ. ಐದು ಸಲ ಮರುಭೂಮಿಗೆ ಬಂದಿದೆ. 12 ವೋಲ್ಟಿನದು, ಒಂದೇ ಸಿಲಿಂಡರು, ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕಿ ಓಡಿಸಬೇಕು. ಇದೇ ಪಂಪಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಹಲವು ಹೆಸರಲ್ಲಿ ಮಾರುತ್ತಾರೆ, ಹಾಗಾಗಿ ಹೆಸರು ಹಿಡಿದು ಹೇಳುವ ಅಗತ್ಯ ನನಗೆ ಕಾಣಲಿಲ್ಲ. 

ಮೊದಲು ಯಾಕೆ ಕೊಂಡೆ ಅಂತ ಹೇಳುತ್ತೇನೆ. ಮೊದಲ ಪ್ರವಾಸಕ್ಕೆ ಗಾಡಿ ತಯಾರು ಮಾಡುವಾಗ ನನ್ನ ಕೈಯಲ್ಲಿದ್ದ ದುಡ್ಡಿಗೆ ಒಂದೇ ಒಂದು ದೊಡ್ಡ ಸಾಮಾನು ಬರುತ್ತಿತ್ತು. ವಿಂಚು (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ಮೇಲಿನ ಕ್ಯಾರಿಯರ್, ದಪ್ಪ ಸಸ್ಪೆನ್ಷನ್, ಎಲ್ಲವೂ ಆಸೆ ಹುಟ್ಟಿಸುವಂಥವೇ. ಆದರೆ ಮರಳಲ್ಲಿ ಗಾಡಿಯನ್ನು ನಡೆಸುವುದು ಟೈರಿನ ಗಾಳಿ. ರಸ್ತೆಯಲ್ಲಿ 34 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಮಾನ) ಇಟ್ಟುಕೊಂಡ ಟೈರು ಮರಳನ್ನು ಚಾಕುವಿನ ಹಾಗೆ ಕೊಯ್ದು ಒಳಗೆ ಇಳಿಯುತ್ತದೆ. ಅದನ್ನೇ 18ಕ್ಕೆ ಇಳಿಸಿದರೆ ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ. ತುಂಬ ಜನ ಟೈರು ಅಗಲ ಆಗುತ್ತದೆ ಅಂದುಕೊಂಡಿರುತ್ತಾರೆ. ಸ್ವಲ್ಪ ಆಗುತ್ತದೆ, ನಿಜ, ಆದರೆ ಜಾಸ್ತಿ ಬದಲಾಗುವುದು ಉದ್ದ. ಹಾಗೆ ಉದ್ದವಾದ ಟೈರು ಮರಳಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಗಾಳಿ ಇಳಿಸುವುದಕ್ಕೆ ಒಂದು ಸಣ್ಣ ಕಡ್ಡಿ ಸಾಕು, ವಾಪಸ್ ತುಂಬಿಸುವುದಕ್ಕೆ ಪಂಪು ಬೇಕು. ಅದಕ್ಕೇ ನನ್ನ ದುಡ್ಡೆಲ್ಲ ಈ ಪಂಪಿಗೆ ಹೋಯಿತು. ಒಂದು ಒಳ್ಳೆಯ ಟೈರಿನ ಬೆಲೆಗಿಂತ ಕಡಿಮೆಯಲ್ಲೇ ಸಿಕ್ಕಿತು.

ಮೊದಲ ಎರಡು ಪ್ರವಾಸ ಇದರ ಮೇಲೆ ನನಗೆ ಪ್ರೀತಿಯೇ ಹುಟ್ಟಿತು ಅಂದರೆ ತಪ್ಪಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಬಿಸಿಲು ಏರುವ ಮೊದಲು ನಾಲ್ಕೂ ಟೈರಿನ ಗಾಳಿ ನೋಡುತ್ತೇನೆ. ಆ ಹೊತ್ತಿಗೆ ಮರಳು ತಣ್ಣಗಿರುತ್ತದೆ, ಕಾಲಿಟ್ಟರೆ ಗಟ್ಟಿಯಾಗಿ ಹತ್ತುತ್ತದೆ. ಟೈರೂ ತಣ್ಣಗಿರುತ್ತದೆ, ಆದ್ದರಿಂದ ಮೀಟರಿನ ಅಂಕಿಯನ್ನು ನಂಬಬಹುದು. ಈ ಒತ್ತಡದಲ್ಲಿ ಟೈರು 10 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಬೆಳಗಿನ 18 ಮಧ್ಯಾಹ್ನಕ್ಕೆ 21 ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಧ್ಯಾಹ್ನ ಮರಳೂ ಸಡಿಲ, ಟೈರಿನ ಗಾಳಿಯೂ ಜಾಸ್ತಿ. ಗಾಡಿ ಹೂತುಹೋಗುವುದು ಆಗಲೇ. ರಾತ್ರಿ ಯಾವುದಾದರೂ ಟೈರು ಎರಡು ಪಾಯಿಂಟ್, ಅಂದರೆ 2 ಪಿಎಸ್‌ಐ, ಇಳಿದಿದ್ದರೆ ಅದೂ ಬೆಳಿಗ್ಗೆಯೇ ಗೊತ್ತಾಗುತ್ತದೆ, ಟೈರಿನ ಮೂತಿಯೊಳಗೆ ಗಾಳಿ ತಡೆದು ಹಿಡಿಯುವ ವಾಲ್ವ್ ಪಿನ್ನಿಗೆ ಸ್ವಲ್ಪ ಎಂಜಲು ಹಚ್ಚಿದರೆ ಗುಳ್ಳೆ ಏಳುತ್ತದೆ. ಪಿನ್ ಬಿಗಿ ಮಾಡಿ, ಕ್ಲಿಪ್ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ, ಅರ್ಧ ನಿಮಿಷ ಗಾಳಿ ಹೊಡೆದರೆ ಕೆಲಸ ಮುಗಿಯಿತು. ಪಂಪಿನ ಟಕ ಟಕ ಸದ್ದಿಗೆ ಪಕ್ಕದ ಟೆಂಟಿನವರು ತಲೆ ಹೊರಗೆ ಹಾಕುತ್ತಾರೆ, ಇವತ್ತು ಎಷ್ಟಕ್ಕೆ ಇಡುತ್ತಿದ್ದೀರಿ ಅಂತ ಕೇಳುತ್ತಾರೆ. ಅಲ್ಲಿಂದ ದಿನ ಶುರು.

ಮೂರನೇ ಪ್ರವಾಸದಲ್ಲಿ ಆರು ಗಾಡಿ ಇದ್ದವು. ಆಗಲೇ ಇದರ ಮೇಲೆ ನನಗೆ ಸಿಟ್ಟು ಬಂದದ್ದು.

ಕೊನೆಯ ದಿನ ಸಂಜೆ ಮರಳು ಮುಗಿದು ಡಾಂಬರು ಶುರುವಾಗುವ ಜಾಗದಲ್ಲಿ ಎಲ್ಲರೂ ನಿಂತೆವು. ಒಬ್ಬರ ಹತ್ತಿರ ಪಂಪೇ ಇರಲಿಲ್ಲ. ಮೂವರ ಹತ್ತಿರ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣವು ಇದ್ದವು. ಆ ಸಾಕೆಟ್ಟಿಗೆ ಸಾಮಾನ್ಯವಾಗಿ 10ರಿಂದ 15 ಆಂಪಿನ ಫ್ಯೂಸು ಇರುತ್ತದೆ. ಒಬ್ಬರದು ಎರಡನೇ ಟೈರಿಗೇ ಫ್ಯೂಸು ಹೋಯಿತು, ಇನ್ನೊಬ್ಬರದು ಒಂದು ಟೈರಿಗೆ ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ನನ್ನದು 30 ಆಂಪು ಎಳೆಯುತ್ತದೆ, 16ರಿಂದ 34ಕ್ಕೆ ಏರಿಸಲು ಟೈರಿಗೆ ಸುಮಾರು ಮೂರು ನಿಮಿಷ. "ನಿಮ್ಮದು ಮುಗಿದ ಮೇಲೆ ನಮ್ಮದಕ್ಕೂ ಸ್ವಲ್ಪ ಹೊಡೆದುಕೊಡ್ತೀರಾ?" ಅಂತ ಕೇಳಿದರು. ಕೊಡದೆ ಇರಲಾಗುತ್ತದಾ? ನನ್ನ ನಾಲ್ಕು ಟೈರು ಆಯಿತು. ಪಕ್ಕದ ಗಾಡಿಯ ನಾಲ್ಕು ಆಯಿತು. ಮೂರನೇ ಗಾಡಿಯ ಮೊದಲ ಟೈರು 24 ತಲುಪಿದಾಗ ಪಂಪು ನಿಂತುಹೋಯಿತು.

ಮೊದಲು ಫ್ಯೂಸು ನೋಡಿದೆ, ಸರಿಯಾಗಿತ್ತು. ಕ್ಲಿಪ್ಪೂ ಸರಿಯಾಗಿತ್ತು. ಸಿಲಿಂಡರಿನ ಹತ್ತಿರ ಕೈ ಒಯ್ದರೆ ಒಲೆಯ ಶಾಖ. ಒಳಗಿನ ಬಿಸಿ ಮಿತಿ ಮೀರಿ ತನ್ನಷ್ಟಕ್ಕೆ ಬಂದ್ ಆಗಿತ್ತು. ಒಬ್ಬರು ನೀರು ಹಾಕೋಣವೇ ಅಂದರು. ಬೇಡ ಅಂದೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಮೋಟರಿಗೂ ನೀರು ಇಳಿಯುತ್ತದೆ. ಇನ್ನೊಬ್ಬರು ಇಷ್ಟೇ ಗಾಳಿಯಲ್ಲಿ ಹೈವೇ ಹಿಡಿಯೋಣ ಅಂದರು. ತಂಡದ ಮುಂದಾಳು ಒಪ್ಪಲೇ ಇಲ್ಲ, ಅವರು ಹೇಳಿದ್ದೇ ಸರಿ. 16 ಪಿಎಸ್‌ಐ ಟೈರು ವೇಗವಾಗಿ ಓಡಿದರೆ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿಕೊಂಡು ಬಿಸಿಯಾಗುತ್ತಾ ಹೋಗುತ್ತದೆ, ಕೊನೆಗೆ ಒಡೆಯುತ್ತದೆ. ಕತ್ತಲಾಗುವ ತನಕ ಅಲ್ಲೇ ಕೂತೆವು. ಒಂದು ಗಾಡಿಯಲ್ಲಿ ಮಕ್ಕಳು ನಿದ್ದೆ ಹೋಗಿದ್ದರು, ಅವರ ತಾಯಿ ಕಿಟಕಿ ಇಳಿಸಿ ಬೀಸಣಿಗೆ ಬೀಸುತ್ತಿದ್ದರು. ಅರ್ಧ ಗಂಟೆಗೆ ಪಂಪು ಮತ್ತೆ ಚಾಲೂ ಆಯಿತು. ಐದು ಟೈರು ಹೊಡೆದು ಮತ್ತೆ ನಿಂತಿತು.

ಮನೆಗೆ ಬಂದ ಮೇಲೆ ಕೈಪಿಡಿ ತೆಗೆದು ನೋಡಿದೆ. ಎಡೆಬಿಡದೆ 40 ನಿಮಿಷ ಓಡುತ್ತದೆ ಅಂತ ಬರೆದಿದೆ. ನನಗೆ ಸಿಕ್ಕಿದ್ದು ಸುಮಾರು 25 ನಿಮಿಷ. ಆ 40 ನಿಮಿಷ ಎಷ್ಟು ಬಿಸಿಲಲ್ಲಿ ಲೆಕ್ಕ ಹಾಕಿದ್ದು, ಎಷ್ಟು ಒತ್ತಡಕ್ಕೆ ಲೆಕ್ಕ ಹಾಕಿದ್ದು ಅಂತ ಒಂದು ಸಾಲೂ ಇಲ್ಲ. ಮರುಭೂಮಿಗೆ ಅಂತಲೇ ಚಿತ್ರ ಹಾಕಿ ಮಾರುವ ಪಂಪಿನ ಕೈಪಿಡಿಯಲ್ಲಿ ಇದು ಇರಬೇಕಾಗಿತ್ತು ಅಲ್ವಾ? ನನಗೆ ಈಗಲೂ ಬೇಜಾರು ಇರುವುದು ಈ ಒಂದು ವಿಷಯಕ್ಕೆ. ಡಬ್ಬಿಯ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಗಾಳಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿರುವ ಅಂಕಿಯ ಕಥೆಯೂ ಹೀಗೇ. ಪೈಪಿನ ತುದಿಗೆ ಟೈರು ಇಲ್ಲದೆ ಸುಮ್ನೆ ಗಾಳಿ ಊದಿದಾಗಿನ ಅಂಕಿ ಅದು. ಟೈರಿನೊಳಗಿನ ಒತ್ತಡದ ವಿರುದ್ಧ ತಳ್ಳುವಾಗ ಅದಕ್ಕಿಂತ ತುಂಬ ಕಡಿಮೆ ಬರುತ್ತದೆ.

ಆದರೂ ಮಾರಿಬಿಡಲಿಲ್ಲ, ಇನ್ನೂ ದೊಡ್ಡದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಮುಂದಿನ ಪ್ರವಾಸದ ಹೊತ್ತಿಗೆ ಯಾಕೆ ಅಷ್ಟು ಬೇಗ ಕಾಯಿತು ಅಂತ ಒಂದೊಂದೇ ಹುಡುಕಿದೆ. ನಾನು ಅದನ್ನು ಮರಳಿನ ಮೇಲೆ ಇಟ್ಟಿದ್ದೆ. ಬೇಸಿಗೆಯ ಬಿಸಿಲಲ್ಲಿ ಮರುಭೂಮಿಯ ಮರಳಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ, ಸಂಜೆಗೂ ಆ ಕಾವು ಪೂರ್ತಿ ಆರುವುದಿಲ್ಲ. ಕೆಳಗಿನಿಂದ ಮರಳು ಕಾಯಿಸುತ್ತಿತ್ತು, ಒಳಗಿನಿಂದ ಪಂಪು ತಾನೇ ಕಾಯುತ್ತಿತ್ತು. ಜೊತೆಗೆ ಗಾಳಿ ಎಳೆದುಕೊಳ್ಳುವ ಬಾಯಿ ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿತ್ತು. ಅಲ್ಲಿ ಒಂದು ಸಣ್ಣ ಸ್ಪಾಂಜಿನ ಫಿಲ್ಟರ್ ಇದೆ. ಬಿಚ್ಚಿ ನೋಡಿದರೆ ಹಿಟ್ಟಿನಂಥ ಧೂಳು ಕಟ್ಟಿಕೊಂಡಿತ್ತು. ಉಸಿರು ಕಟ್ಟಿದ ಪಂಪು ಅಷ್ಟೇ ಗಾಳಿಗೆ ಜಾಸ್ತಿ ಹೊತ್ತು ಓಡಬೇಕು. ಇದು ಎಣ್ಣೆ ಬೇಡದ ಪಂಪು, ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಪಿಸ್ಟನ್ನಿನ ರಿಂಗು ಬೇಗ ಸವೆಯುತ್ತದೆ.

ಈಗ ಪಂಪನ್ನು ನೆಲಕ್ಕೆ ಇಡುವುದೇ ಇಲ್ಲ. ಬಾನೆಟ್ಟಿನ ಒಳಗೆ ಬ್ಯಾಟರಿ ಪಕ್ಕ ಇಡುವವರನ್ನು ನೋಡಿದ್ದೇನೆ, ಅಲ್ಲಿ ಎಂಜಿನ್ ಬಿಸಿಯೂ ಸೇರುತ್ತದೆ. ನಾನು ಗಾಡಿಯ ನೆರಳು ಬೀಳುವ ಬದಿಗೆ, ನೀರಿನ ಖಾಲಿ ಕ್ಯಾನು ಮಗುಚಿ ಹಾಕಿ ಅದರ ಮೇಲೆ ಇಡುತ್ತೇನೆ. ಪ್ರತಿ ಸಂಜೆ ಸ್ಪಾಂಜು ತೆಗೆದು ಕೊಡವುತ್ತೇನೆ, ಒಂದು ಹೊಸದು ಯಾವಾಗಲೂ ಜೊತೆಗಿರುತ್ತದೆ. ಹಿಂದಿನ ಚಕ್ರ ತಲುಪಲು ಮೊದಲು ಕರೆಂಟಿನ ವೈರನ್ನು ಉದ್ದ ಮಾಡಿದ್ದೆ. ತೆಳ್ಳಗಿನ ವೈರು ಉದ್ದವಾದಷ್ಟೂ ವೋಲ್ಟೇಜು ಬೀಳುತ್ತದೆ, ಪಂಪು ನಿಧಾನವಾಗುತ್ತದೆ, ವೈರೇ ಬೆಚ್ಚಗಾಗುತ್ತದೆ. ಅದನ್ನು ತೆಗೆದು ಗಾಳಿಯ ಪೈಪನ್ನು ಉದ್ದ ಮಾಡಿದೆ. ಪಂಪು ಬ್ಯಾಟರಿ ಹತ್ತಿರವೇ ಇರಲಿ, ದೂರ ಹೋಗುವ ಕೆಲಸ ಪೈಪಿಗೆ ಬಿಡಿ.

ಇಷ್ಟು ಮಾಡಿದ ಮೇಲೆ ನಾಲ್ಕನೇ ಪ್ರವಾಸದಲ್ಲಿ ಹನ್ನೆರಡು ಟೈರು ತುಂಬಿಸಿತು. ತಾನಾಗಿ ಎಲ್ಲೂ ನಿಲ್ಲಲಿಲ್ಲ. ಎಂಟರ ನಂತರ ನಾನೇ ಹತ್ತು ನಿಮಿಷ ಬಿಡುವು ಕೊಟ್ಟಿದ್ದೆ. ಅದಾಗಿಯೇ ಬಂದ್ ಆದರೆ ಅರ್ಧ ಗಂಟೆ ಹೋಗುತ್ತದೆ, ಮೊದಲೇ ನಾವೇ ನಿಲ್ಲಿಸಿದರೆ ಹತ್ತು ನಿಮಿಷ ಸಾಕು.

ಇನ್ನೊಂದು ಉಪಾಯ ಮುಂದಾಳು ಹೇಳಿಕೊಟ್ಟಿದ್ದು, ನನಗೆ ತುಂಬ ಹಿಡಿಸಿತು. ಪೆಟ್ರೋಲ್ ಬಂಕ್ ಹತ್ತಿರದಲ್ಲಿದ್ದರೆ ಎಲ್ಲ ಗಾಡಿಗೂ ಮೊದಲು 26 ತನಕ ಮಾತ್ರ ಹೊಡೆಯುವುದು, ಬಂಕಿನವರೆಗೆ ನಿಧಾನವಾಗಿ ಹೋಗುವುದು, ಉಳಿದದ್ದನ್ನು ಅಲ್ಲಿ ತುಂಬಿಸುವುದು. ಪಂಪಿನ ಕೆಲಸ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಾಲ್ಕೂ ಟೈರಿಗೆ ಒಟ್ಟಿಗೆ ಸಿಕ್ಕಿಸುವ ನಾಲ್ಕು ಬಾಯಿಯ ಪೈಪೂ ಒಬ್ಬರ ಹತ್ತಿರ ಇತ್ತು. ಬಗ್ಗಿ ಏಳುವ ಕಷ್ಟ ತಪ್ಪುತ್ತದೆ, ನಾಲ್ಕರಲ್ಲೂ ಒಂದೇ ಗಾಳಿ ಬರುತ್ತದೆ. ಆದರೆ ತುಂಬಿಸಬೇಕಾದ ಗಾಳಿ ಅಷ್ಟೇ, ಪಂಪು ಪಡುವ ಶ್ರಮವೂ ಅಷ್ಟೇ.

ಸಣ್ಣ ತೊಂದರೆ ಎರಡಿವೆ. ಪಂಪಿನ ಮೀಟರು ಓಡುತ್ತಿರುವಾಗ ನಿಜಕ್ಕಿಂತ 3–4 ಜಾಸ್ತಿ ತೋರಿಸುತ್ತದೆ. ಆಫ್ ಮಾಡಿ, ಮುಳ್ಳು ನಿಂತ ಮೇಲೆ ಓದಬೇಕು. ನಾನು ಬೇರೆ ಕೈ ಮೀಟರು ಇಟ್ಟುಕೊಂಡಿದ್ದೇನೆ, ಅದರ ಮಾತೇ ಕೊನೆ. ಇನ್ನೊಂದು, ಪೈಪಿನ ತುದಿಯ ಹಿತ್ತಾಳೆ ತಿರುಪು. ಎರಡನೇ ಟೈರಿನ ಹೊತ್ತಿಗೇ ಬೆರಳು ಸುಡುತ್ತದೆ, ಬಿಚ್ಚುವಾಗ ಒಂದು ಪಾಯಿಂಟ್ ಗಾಳಿ ಹೋಗುತ್ತದೆ, ಮರಳು ಕೂತರೆ ಕಚ್ಚಿಕೊಳ್ಳುತ್ತದೆ. ಒತ್ತಿ ಲಾಕ್ ಮಾಡುವ ತುದಿಗೆ ಬದಲಿಸಿಕೊಂಡೆ. ಕೊಂಡ ಮೊದಲ ವಾರದಲ್ಲೇ ಮಾಡಬೇಕಾದ ಕೆಲಸ ಅದು. ಒಂದು ಜೊತೆ ಹತ್ತಿಯ ಕೈಗವಸೂ ಚೀಲದಲ್ಲಿರಲಿ.

ಪಂಪಿನ ಚೀಲದಲ್ಲೇ ನಾನು ವಾಲ್ವ್ ಪಿನ್, ಪಂಕ್ಚರಿನ ಬತ್ತಿ, ಜಾಕಿನ ಕೆಳಗೆ ಹಾಕಲು ಒಂದು ದಪ್ಪ ಹಲಗೆ ಇಟ್ಟಿರುತ್ತೇನೆ. ಹಲಗೆ ಇಲ್ಲದಿದ್ದರೆ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಮರಳಿಗೆ ಇಳಿಯುತ್ತದೆ. ಉದ್ದ ಹಿಡಿಯ ಸಲಿಕೆ, ಚಕ್ರದ ಕೆಳಗೆ ಕೊಡುವ ಹಲ್ಲಿನ ಹಲಗೆ, ಹಿಗ್ಗುವ ಹಗ್ಗ, ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಒಂದನ್ನು ಮಾತ್ರ ನಾನೂ ಹೇಳಲೇಬೇಕು. ಟ್ರೈಲರ್ ಕಟ್ಟಲು ಗಾಡಿಯ ಹಿಂದೆ ಇರುವ ಲೋಹದ ಉಂಡೆಗೆ ಯಾವ ಕಾರಣಕ್ಕೂ ಹಗ್ಗ ಹಾಕಿ ಹೂತ ಗಾಡಿಯನ್ನು ಎಳೆಯಬೇಡಿ. ಆ ಉಂಡೆ ಮುರಿದರೆ ಹಿಗ್ಗಿದ ಹಗ್ಗ ಅದನ್ನು ಬಂದೂಕಿನ ಗುಂಡಿನ ಹಾಗೆ ಎಸೆಯುತ್ತದೆ, ಹೀಗೆ ಜನ ಸತ್ತಿದ್ದಾರೆ. ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ ಸೇರಿದ, ಎಳೆಯುವುದಕ್ಕೆಂದೇ ಇರುವ ಕೊಂಡಿ ಹಿಂದೆ ಮುಂದೆ ಎರಡೂ ಕಡೆ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಮತ್ತೆ, ಹೂತ ಗಾಡಿಗೆ ಹಗ್ಗ ತರುವ ಮೊದಲು ಗಾಳಿ ಇನ್ನೂ ಮೂರು ಪಾಯಿಂಟ್ ಇಳಿಸಿ ನೋಡಿ. 15ಕ್ಕೆ ಬಂದರೆ ಎಷ್ಟೋ ಗಾಡಿ ತಾನೇ ಎದ್ದು ಬರುತ್ತದೆ. ನಾನು ಒಂದು ಸಲ 12ಕ್ಕೂ ಇಳಿಸಿದ್ದೇನೆ, ಆದರೆ ಆಗ ಸ್ಟೇರಿಂಗ್ ಜೋರಾಗಿ ತಿರುಗಿಸಬಾರದು, ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಇಷ್ಟು ಧೈರ್ಯವಾಗಿ ಇಳಿಸಲು ಆಗುವುದು ವಾಪಸ್ ತುಂಬಿಸುವ ಪಂಪು ಡಿಕ್ಕಿಯಲ್ಲಿದೆ ಅನ್ನುವ ನಂಬಿಕೆಯಿಂದಲೇ.

ಹಾಗಾದರೆ ಕೊಳ್ಳಬಹುದಾ? ಒಂದೋ ಎರಡೋ ಗಾಡಿಯಲ್ಲಿ ಹೋಗುವವರು ಧಾರಾಳವಾಗಿ ಕೊಳ್ಳಿ, ಎಂಟು ಟೈರು ಆರಾಮಾಗಿ ಮುಗಿಸುತ್ತದೆ. ಐದಾರು ಗಾಡಿಯ ತಂಡಕ್ಕೆ ಇದೊಂದನ್ನೇ ನಂಬಿ ಹೊರಡಬೇಡಿ. ಇಂಥವು ಮೂರು ಇರಲಿ, ಅಥವಾ ಯಾರಾದರೂ ಒಬ್ಬರು ಎರಡು ಸಿಲಿಂಡರಿನದು ತರಲಿ. ಈಗ ಪ್ರತಿ ಪ್ರವಾಸಕ್ಕೂ ಮೊದಲು ನಾನು ತಂಡದವರಿಗೆ ಕೇಳುವುದು ಎರಡೇ ಪ್ರಶ್ನೆ: ಒಟ್ಟು ಟೈರು ಎಷ್ಟು, ಬ್ಯಾಟರಿಗೆ ಹಾಕುವ ಪಂಪು ಎಷ್ಟು? ಐದನೇ ಪ್ರವಾಸದಲ್ಲಿ ಐದು ಗಾಡಿಗೆ ಮೂರು ಪಂಪು ಇದ್ದವು. ಡಾಂಬರಿನ ಅಂಚಿಗೆ ಬಂದು ನಿಂತವರು ಅರ್ಧ ಗಂಟೆಯೊಳಗೆ ಇಪ್ಪತ್ತು ಟೈರು ತುಂಬಿಸಿ, ಇನ್ನೂ ಬೆಳಕಿರುವಾಗಲೇ ಹೊರಟೆವು.