ಎಚ್ ಎಂಟು, ಜೆರಾಕ್ಸ್ ಎರಡು ರೂಪಾಯಿ

ನಾನು ತೊಗರಿಯ ನೆಟೆ ರೋಗದ ಮೇಲೆ ಕೆಲಸ ಮಾಡುತ್ತೇನೆ. ಬೇರಿನಿಂದ ಹೊಕ್ಕು ಗಿಡದ ನೀರಿನ ದಾರಿಯನ್ನೇ ಕಟ್ಟುವ ಫ್ಯುಸೇರಿಯಂ ಉಡಮ್ ಶಿಲೀಂಧ್ರದ ಡಿಎನ್‌ಎ ತೆಗೆದು, ಆಳಂದದ ಹೊಲದ್ದಕ್ಕೂ ಚಿತ್ತಾಪುರದ ಹೊಲದ್ದಕ್ಕೂ ಏನು ವ್ಯತ್ಯಾಸವೆಂದು ನೋಡುವುದು. ಹದಿನಾರು ವರ್ಷದಲ್ಲಿ 23 ಲೇಖನಗಳಾಗಿವೆ. ಅವನ್ನೆಲ್ಲ ಬಡ್ತಿಗಾಗಿ ಮೂರು ಪ್ರತಿ ಫೈಲು ಮಾಡಿಕೊಡಬೇಕಾಗಿ ಬಂದಾಗ ಸಹೋದ್ಯೋಗಿಗಳು ಕಲಬುರಗಿಯ ಸೇಡಂ ರಸ್ತೆಯ ಒಂದು ಜೆರಾಕ್ಸ್ ಅಂಗಡಿಗೆ ಹೋಗಲು ಹೇಳಿದರು. ಬೋರ್ಡಿನ ಹೆಸರು ಬೇಡ. ವಿದ್ಯಾರ್ಥಿಗಳೆಲ್ಲ ಮಾಲೀಕರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ.

ಚಾಚಾ ಓದಿದ್ದು ಪಿಯುಸಿ. ಆದರೆ ಅಧ್ಯಾಪಕರ ಬಡ್ತಿಗೆ ಲೇಖನಗಳ ಅಂಕ ಹೇಳುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿ ಅವರಿಗೆ ಬಾಯಿಪಾಠ. ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಒಂದು ಪತ್ರಿಕೆಯ ಲೇಖನಗಳನ್ನು ಬೇರೆ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತವೆ ಎಂಬ ಅಳತೆ, ಎರಡರಿಂದ ಐದರೊಳಗಿನ ಪತ್ರಿಕೆಯಾದರೆ 20 ಅಂಕ. ಲೇಖಕರು ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲಿನವರಿಗೆ ಅದರಲ್ಲಿ ನೂರಕ್ಕೆ 70 ಪಾಲು, ಜೊತೆಗಾರರಿಗೆ ತಲಾ 30. ಒಂದು ಲೇಖನದಲ್ಲಿ ನಾನು ನಾಲ್ವರಲ್ಲಿ ಮೂರನೆಯವಳು. ಕ್ಯಾಲ್ಕುಲೇಟರ್ ಮುಟ್ಟದೆ "ಆರು ಅಂಕ, ಮೇಡಂ" ಎಂದರು. ಎರಡು ಮುಂಗಾರು ಹೊಲ ಸುತ್ತಿದ್ದಕ್ಕೆ ಆರು.

ಅವರಿಂದ ನನಗಾದ ದೊಡ್ಡ ಉಪಕಾರ ಬೇರೆ. ಮದುವೆಗೆ ಮುಂಚಿನ ಐದು ಲೇಖನಗಳಲ್ಲಿ ತವರಿನ ಅಡ್ಡಹೆಸರಿದೆ, ವಿಳಾಸದಲ್ಲಿ ಗುಲ್ಬರ್ಗಾ ಎಂದಿದೆ. ಆಮೇಲಿನವುಗಳಲ್ಲಿ ಗಂಡನ ಮನೆಯ ಅಡ್ಡಹೆಸರು. 2014ರ ನವೆಂಬರ್ ನಂತರ ಊರೂ ಕಲಬುರಗಿ. ಸಂಶೋಧಕರ ಲೇಖನಗಳನ್ನೂ ಉಲ್ಲೇಖಗಳನ್ನೂ ಲೆಕ್ಕವಿಡುವ ಗೂಗಲ್ ಸ್ಕಾಲರ್‌ನ ನನ್ನ ಪುಟಕ್ಕೆ ಆ ಐದನ್ನು ನಾನು ಸೇರಿಸಿಕೊಂಡೇ ಇರಲಿಲ್ಲ. ಚಾಚಾ ಪ್ರತಿಗಳನ್ನು ಒಂದೊಂದಾಗಿ ತಿರುವಿ, "ಇವರೂ ನೀವೇನಾ?" ಎಂದು ಕೇಳಿದರು. ಇಬ್ಬರೂ ನಾನೇ ಎಂದು ಒಂದು ಘೋಷಣಾಪತ್ರ ಟೈಪ್ ಮಾಡಿ ಮುಂದೆ ಹಚ್ಚಿದರು.

ಎಡವಟ್ಟಾದದ್ದು ಕಂಪ್ಯೂಟರಿಗೆ ಕೂತ ಹುಡುಗನಿಂದ. ನಮ್ಮ ಕಡೆ ನನ್ನ ಅಡ್ಡಹೆಸರಿನವರು ಓಣಿಗೆ ಹತ್ತು ಮಂದಿ. ಅದೇ ಮೊದಲಕ್ಷರದ ಯಾರೋ ಮೂಳೆ ವೈದ್ಯರ ಹನ್ನೊಂದು ಲೇಖನಗಳನ್ನು ಅವನು ನನ್ನ ಲೆಕ್ಕಕ್ಕೆ ಎಳೆದುಬಿಟ್ಟಿದ್ದ. ರಾತ್ರಿ ಮನೆಯಲ್ಲಿ ಫೈಲು ತೆರೆದರೆ ತೊಗರಿಯ ನಡುವೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ಉಲ್ಲೇಖಗಳು ಒಂಬೈನೂರು ದಾಟಿವೆ! ಮರುದಿನ ಕೇಳಿದರೆ "ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಮೇಡಂ?" ಎಂದ. ಚಾಚಾ ಅವನನ್ನು ಬೈದು, ಮೂರೂ ಪ್ರತಿಗಳ ಆ ಪುಟಗಳನ್ನು ಹಣ ತೆಗೆದುಕೊಳ್ಳದೆ ಮತ್ತೆ ಮುದ್ರಿಸಿಕೊಟ್ಟರು.

ತಿದ್ದಿದ ಲೆಕ್ಕದಲ್ಲಿ ಉಲ್ಲೇಖ 214, ಎಚ್-ಸೂಚ್ಯಂಕ 8. ಅಂದರೆ ಕನಿಷ್ಠ ಎಂಟೆಂಟು ಸಲ ಉಲ್ಲೇಖವಾದ ಎಂಟು ಲೇಖನಗಳಿವೆ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಈ ಅಳತೆ ಸೂಚಿಸಿದಾಗ ನಾನಿನ್ನೂ ಎಂಎಸ್ಸಿ ಓದುತ್ತಿದ್ದೆ. ಚಾಚಾ ಪಟ್ಟಿಯ ಮೇಲೆ ಬೆರಳಿಟ್ಟು, "ಎಂಟನೆಯದು, ಒಂಬತ್ತನೆಯದು ಎರಡೂ ಎಂಟಕ್ಕೇ ನಿಂತಿವೆ. ಮುಂದಿನ ಲೇಖನದಲ್ಲಿ ನೀವೇ ಎರಡನ್ನೂ ಉಲ್ಲೇಖಿಸಿಬಿಡಿ, ಒಂಬತ್ತಾಗುತ್ತದೆ" ಎಂದರು. ಹೀಗೆ ಹೇಳಿಕೊಟ್ಟ ಮಾರ್ಗದರ್ಶಕರನ್ನೂ ಕಂಡಿದ್ದೇನೆ, ಅವರು ಇಷ್ಟು ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಕರೆಂಟು ಹೋಗಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಎಲ್ಲರಿಗಿಂತ ಹೆಚ್ಚು ಉಲ್ಲೇಖ ಯಾರದು ಎಂದು ಚಾಚಾ ಕೇಳಿದರು. ಪ್ರೋಟೀನ್ ಅಳೆಯುವ ವಿಧಾನ ತಿಳಿಸಿದ ಲೌರಿಯವರ 1951ರ ಲೇಖನ, ಮೂರು ಲಕ್ಷಕ್ಕೂ ಮೀರಿ ಎಂದೆ. ಡಿಎನ್‌ಎಯ ಜೋಡಿ ಸುರುಳಿ ತೋರಿಸಿದ ವ್ಯಾಟ್ಸನ್, ಕ್ರಿಕ್ ಅವರ 1953ರ ಲೇಖನ ಹೆಚ್ಚು ಉಲ್ಲೇಖವಾದ ಮೊದಲ ನೂರು ಲೇಖನಗಳ 2014ರ ಪಟ್ಟಿಯಲ್ಲೇ ಇರಲಿಲ್ಲ ಎಂದೂ ಹೇಳಿದೆ. ಪ್ರಯೋಗಾಲಯದಲ್ಲಿ ದಿನವೂ ಬಳಸುವ ವಿಧಾನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಪಠ್ಯಪುಸ್ತಕ ಸೇರಿದ ಸತ್ಯಕ್ಕೆ ಯಾರೂ ಅಡಿಟಿಪ್ಪಣಿ ಹಾಕುವುದಿಲ್ಲ. ಚಾಚಾ ಸ್ವಲ್ಪ ಯೋಚಿಸಿ, "ಹಾಗಾದರೆ ಆ ಇಬ್ಬರಿಗೆ ಬಡ್ತಿ ಹೇಗಾಯಿತು?" ಎಂದರು.

ದರ: ಜೆರಾಕ್ಸ್ ಪುಟಕ್ಕೆ 2 ರೂಪಾಯಿ, ಗಟ್ಟಿ ರಟ್ಟಿನ ಬೈಂಡಿಂಗ್ 250. ಹೊಲಿಗೆ ಭದ್ರ, ಅಕ್ಷರ ಮಸುಕಾಗಿಲ್ಲ. ಪ್ರಕಟಣೆಗಳ ಪಟ್ಟಿಯನ್ನು ಮಾತ್ರ ನೀವೇ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಹುಡುಗನ ಕೈಗೆ ಕೊಡಬೇಡಿ. ಶುಕ್ರವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ.