ಸರಸ್ವತಿಪುರಂ ಕೌನ್ಸೆಲಿಂಗ್ ಸೆಂಟರ್: ಐದಕ್ಕೆ ನಾಲ್ಕು ಸ್ಟಾರ್

ನಂಜನಗೂಡಿನಿಂದ ಬಸ್ಸು ಹತ್ತಿ ಮೂರು ಸಲ ಹೋಗಿ ಬಂದ ಮೇಲೆ ಬರೆಯುತ್ತಿದ್ದೇನೆ. ಬರಿ ಅಂತ ಚಿಕ್ಕ ಮಗನೇ ಹೇಳಿದ. ಅವನಿಗೆ 24. ತನಗೆ ಗಂಡಸರ ಮೇಲೇ ಮನಸ್ಸು ಹೋಗೋದು, ಮದುವೆ ಮಾತು ಎತ್ತಬೇಡಿ ಅಂತ ಯುಗಾದಿಯ ಮಾರನೇ ದಿನ ಹೇಳಿದ್ದ.

ಇಲ್ಲಿಗೆ ಬರುವ ಮೊದಲು ಬೇರೆ ಊರಿನ ಒಂದು ಕ್ಲಿನಿಕ್ಕಿಗೆ 18,000 ರೂಪಾಯಿ ಸುರಿದಿದ್ದೆವು. "ಇದೊಂದು ಚಟ, ಆರು ತಿಂಗಳಲ್ಲಿ ಬಿಡಿಸ್ತೀವಿ" ಅಂದಿದ್ದರು, ಕುಡಿತ ಬಿಡಿಸೋ ಹಾಗೆ. ಮಾತ್ರೆ ನುಂಗಿ ಹುಡುಗ ಮಧ್ಯಾಹ್ನ ಹನ್ನೆರಡಾದರೂ ಏಳುತ್ತಿರಲಿಲ್ಲ. ನನ್ನ ಹತ್ತಿರ ಮಾತಾಡೋದು ಬಿಟ್ಟ. ಬಿಡಿಸಿದ್ದು ಅದೊಂದನ್ನೇ.

ಈ ಸೆಂಟರ್ ನೋಡೋಕೆ ಏನೂ ಇಲ್ಲ. ಮೊದಲ ಮಹಡಿ, ಲಿಫ್ಟ್ ಇಲ್ಲ, ನನ್ನ ಮಂಡಿಗೆ ಕಷ್ಟ. ಒಂದು ಗಂಟೆಗೆ 1,200 ರೂಪಾಯಿ. ಹನ್ನೊಂದಕ್ಕೆ ಬನ್ನಿ ಅಂದವರು ಕರೆದಿದ್ದು ಹನ್ನೊಂದು ಮುಕ್ಕಾಲಿಗೆ. ಆದರೆ ಮೇಡಂ ಕನ್ನಡದಲ್ಲೇ ಮಾತಾಡುತ್ತಾರೆ, ಗಡಿಯಾರ ನೋಡುವುದಿಲ್ಲ.

ನಾನು ಪರ್ಸಿನಲ್ಲಿ ಒಂದು ಫೋಟೋ ಇಟ್ಟುಕೊಂಡು ಹೋಗಿದ್ದೆ. ಇವನಿಗೆ ಮುಡಿ ಕೊಡುವ ಮೊದಲು ಲಂಗ ಉಡಿಸಿ, ಮೊಗ್ಗಿನ ಜಡೆ ಹೆಣೆಸಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಕನ್ನಡಿ ಇಟ್ಟು ಜಡೆ ಕಾಣೋ ಹಾಗೆ. ಇದರಿಂದಲೇ ಹೀಗಾಯ್ತು, ನಾನೇ ಮಾಡಿದ್ದು ಅಂತ ರಾತ್ರಿಯೆಲ್ಲ ತಲೆ ಕೊರೆಯುತ್ತಿತ್ತು.

ಮೇಡಂ ಫೋಟೋ ನೋಡಿ "ಜಡೆ ಎಷ್ಟು ಚೆನ್ನಾಗಿದೆ, ಯಾರು ಹೆಣೆದಿದ್ದು?" ಅಂದರು. ಆಮೇಲೆ, "ದೊಡ್ಡ ಮಗನಿಗೂ ತೆಗೆಸಿದ್ರಾ ಅಮ್ಮ?"

ತೆಗೆಸಿದ್ದೆ. ಅದೇ ಸ್ಟುಡಿಯೋ, ಅದೇ ಲಂಗ. ಅವನಿಗೀಗ ಹೆಂಡತಿ, ಎರಡು ಮಕ್ಕಳು. ಮೇಡಂ ಏನೂ ಅನ್ನದೆ ಫೋಟೋ ವಾಪಸ್ ಕೊಟ್ಟರು.

"ಹಾಗಾದ್ರೆ ಹುಟ್ಟಿನಿಂದ ಬಂದಿದ್ದಾ, ಇವನೇ ಆರಿಸಿಕೊಂಡಿದ್ದಾ?" ಅಂತ ಕೇಳಿಯೇ ಬಿಟ್ಟೆ. ಆರಿಸಿಕೊಳ್ಳುವುದಲ್ಲ ಅಂತ ನೇರವಾಗಿ ಹೇಳಿದರು. ಹಾಗಂತ ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕೂ ಆಗಲ್ಲವಂತೆ. 2019ರಲ್ಲಿ 5 ಲಕ್ಷದ ಹತ್ತಿರ ಜನರ ಜೀನ್ ನೋಡಿದ ಅಧ್ಯಯನದಲ್ಲೂ 'ಗೇ ಜೀನ್' ಅನ್ನೋದೊಂದು ಸಿಗಲಿಲ್ಲ. ಎಷ್ಟೋ ಜೀನ್‌ಗಳದ್ದು ಚೂರುಚೂರು ಪಾಲು. ಹೊಟ್ಟೆಯಲ್ಲಿದ್ದಾಗಿನ ಹಾರ್ಮೋನುಗಳದ್ದೂ ಇರಬಹುದು. ಒಂದೇ ರೂಪದ ಅವಳಿಗಳಲ್ಲೂ ಒಬ್ಬ ಹೀಗೆ, ಇನ್ನೊಬ್ಬ ಹಾಗೆ ಇರುವುದುಂಟು. ತಾಯಿ ಸಾಕಿದ ರೀತಿಯಿಂದ ಆಗುತ್ತೆ ಅನ್ನೋದಕ್ಕೆ ಮಾತ್ರ ಆಧಾರ ಇಲ್ಲ ಅಂದರು. ಈ ಭಾಗ ಸ್ವಲ್ಪ ಪಾಠದ ಥರ ಇತ್ತು, ಅರ್ಧ ನನ್ನ ತಲೆಗೆ ಹತ್ತಲಿಲ್ಲ. ಕೊನೇ ಮಾತನ್ನು ಮಾತ್ರ ಇನ್ನೊಂದು ಸಲ ಹೇಳಿಸಿಕೊಂಡೆ.

ಕ್ಲಿನಿಕ್ ವಿಷಯ ತೆಗೆದಾಗ ಅವರ ಮುಖ ಬಿಗಿಯಾಯ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಬದಲಾಯಿಸ್ತೀವಿ ಅಂತ ಚಿಕಿತ್ಸೆ ಕೊಡುವುದು ಡಾಕ್ಟರಾದವರು ಮಾಡಬಾರದ ಕೆಲಸ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ, ಬೇಕಿದ್ದರೆ ದೂರು ಕೊಡಿ ಅಂದರು. ದೂರೇನೋ ಕೊಡಬಹುದು, 18,000 ವಾಪಸ್ ಬರೋದು ಅಷ್ಟರಲ್ಲೇ ಇದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಯಿಸಿದ್ದಕ್ಕೆ, ಆ ಮೆಟ್ಟಿಲಿಗೆ. ಮೂರನೇ ಸಲ ನಮ್ಮ ಮನೆಯವರೂ ಬಂದಿದ್ದರು. ಎಷ್ಟು ಕರೆದರೂ ಒಳಗೆ ಬರಲಿಲ್ಲ, ಚಪ್ಪಲಿ ಸ್ಟ್ಯಾಂಡ್ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರು. ಮಗ ಕೆಳಗಿಳಿದು ಹೋಗಿ ಅವರಿಗೆ ಟೀ ತಂದುಕೊಟ್ಟ. ಕುಡಿದರು.